ಕ್ವಾರಂಟೈನ್ ಅನ್ನೋದಕ್ಕೆ ಒಂದೇ ಪದ ಸಾಕಾ, ಎರಡು ಬೇಕಾ? (ಕೊಳದ ಮೀನಿನ ವಿಷ್ಯ)

ಎಲ್ರಿಗೂ ನಮಸ್ಕಾರ. ಕೋಯ್, ಗೋಲ್ಡ್‌ಫಿಶ್ ಥರದ ಕೊಳದ ಮೀನುಗಳಿಗೆ ಕಾಯಿಲೆ ಬಂದ್ರೆ ಏನ್ಮಾಡ್ಬೇಕು ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೀತಿದೀನಿ, ಕಾಯಿಲೆ ಹೆಸರು ಔಷಧಿ ಹೆಸರು ಎಲ್ಲಾ ಹೇಗೋ ಸಾಗ್ತಿದೆ, ಆದ್ರೆ ಕ್ವಾರಂಟೈನ್ ಅನ್ನೋ ಪದದ ಹತ್ರ ಬಂದು ಗಾಡಿ ನಿಂತ್ಬಿಟ್ಟಿದೆ.

ಯಾಕಂದ್ರೆ ಮೀನು ಸಾಕೋರು ಈ ಒಂದೇ ಪದವನ್ನ ಎರಡು ಬೇರೆಬೇರೆ ಕೆಲಸಕ್ಕೆ ಬಳಸ್ತಾರೆ. ಹೊಸದಾಗಿ ತಂದ ಮೀನು, ನೋಡೋಕೆ ಚೆನ್ನಾಗೇ ಇರತ್ತೆ, ಆದ್ರೂ ಒಳಗೆ ಏನಿದ್ಯೋ ಅಂತ ಮೂರ್ನಾಲ್ಕು ವಾರನಾದ್ರೂ ಬೇರೆ ತೊಟ್ಟೀಲಿ ಇಟ್ಟು ನೋಡೋದು ಒಂದು. ಕೊಳದಲ್ಲೇ ಇದ್ದ ಮೀನಿಗೆ ಮೈಮೇಲೆ ಹುಣ್ಣಾಗಿದೆ, ರೆಕ್ಕೆ ಕೊಳೀತಿದೆ, ಅದನ್ನ ಹಿಡಿದು ಬೇರೆ ತೊಟ್ಟಿಗೆ ಹಾಕಿ ಔಷಧಿ ಮಾಡೋದು ಇನ್ನೊಂದು. ಪಶುವೈದ್ಯರು ಎರಡನೇದನ್ನ ಐಸೊಲೇಷನ್ ಅಂತಾರೆ, ಮಾತಲ್ಲಿ ಮಾತ್ರ ಎಲ್ಲಾನೂ ಕ್ವಾರಂಟೈನೇ.

ಪದಕ್ಕೆ ಯಾಕಪ್ಪಾ ಇಷ್ಟು ತಲೆಬಿಸಿ ಅಂತೀರೇನೋ, ಆದ್ರೆ ಎರಡಕ್ಕೂ ಹೇಳ್ಬೇಕಾದ ಸೂಚನೆ ಉಲ್ಟಾ ಇದೆ. ಹೊಸ ಮೀನಿಗೆ ಕಾರಣ ಇಲ್ದೆ ಔಷಧಿ ಹಾಕ್ಬಾರ್ದು, ಹಾಕಿದ್ರೆ ಒಳಗಿರೋ ಕಾಯಿಲೆ ಅರ್ಧಂಬರ್ಧ ಅಡಗಿ ಕೂತು ಆಮೇಲೆ ಕೊಳದಲ್ಲಿ ತಲೆ ಎತ್ತತ್ತೆ. ನೀರು ತೀರಾ ತಣ್ಣಗಿದ್ರೂ ಅಷ್ಟು ವಾರ ಕಾದು ನೋಡಿದ್ದು ದಂಡ, ಕೋಯ್ ಹರ್ಪಿಸ್ ವೈರಸ್ ಇದ್ರೆ ಅದು ಕಾಣಿಸ್ಕೊಳ್ಳೋದು ನೀರು ಬೆಚ್ಚಗಿದ್ದಾಗ, ಸುಮಾರು 16ರಿಂದ 28 ಡಿಗ್ರಿ ಒಳಗೆ, ಅದಕ್ಕೆ ಮದ್ದೂ ಇಲ್ಲ. ಆ ತೊಟ್ಟಿಯ ಬಲೆ, ಬಕೆಟ್ಟು, ನೀರು ಯಾವ್ದೂ ಕೊಳದ ಕಡೆ ಹೋಗೋ ಹಾಗಿಲ್ಲ. ಅದೇ ಕೊಳದ ಕಾಯಿಲೆ ಮೀನಿಗಾದ್ರೆ ಕೊಳದ ನೀರನ್ನೇ ತೊಟ್ಟಿಗೆ ತುಂಬೋದು ಒಳ್ಳೇದು, ಫಿಲ್ಟರಿಂದ ಒಂದು ಹಳೇ ಸ್ಪಂಜನ್ನೂ ತಂದು ಹಾಕ್ಬೇಕು, ಅಮೋನಿಯ ಕರಗಿಸೋ ಬ್ಯಾಕ್ಟೀರಿಯ ಅದ್ರಲ್ಲಿರತ್ತೆ, ಇಲ್ದಿದ್ರೆ ಹೊಸ ತೊಟ್ಟೀಲಿ ಅಮೋನಿಯ ಏರಿ, ಹುಣ್ಣಿಂದ ಬದುಕಿದ ಮೀನು ತಾನೇ ಹೊರಹಾಕಿದ ಕೊಳೇಲೇ ಸಾಯತ್ತೆ. ಒಂದೇ ಪದ ಇಟ್ರೆ ಓದೋರು ಯಾವ ಸೂಚನೆ ಯಾವ್ದಕ್ಕೆ ಅಂತ ಗೊಂದಲ ಮಾಡ್ಕೊಳ್ತಾರೆ.

ಮೂಲ ನೋಡಿದ್ರೆ ಈ ಪದ ಮೊದಲ್ನೇ ಅರ್ಥಕ್ಕೇ ಹುಟ್ಟಿದ್ದು. ಪ್ಲೇಗ್ ಕಾಲದಲ್ಲಿ ಬಂದರಿಗೆ ಬಂದ ಹಡಗನ್ನ ದೂರ ನಿಲ್ಸಿ ಕಾಯೋದು, 1377ರಲ್ಲಿ ರಗೂಸಾದಲ್ಲಿ, ಅಂದ್ರೆ ಈಗಿನ ಡುಬ್ರೊವ್ನಿಕ್‌ನಲ್ಲಿ, ಮೂವತ್ತು ದಿನ ಅಂತ ಕಾನೂನಾಗಿತ್ತು, ಆಮೇಲೆ ಅದು ನಲವತ್ತಾಗಿ ವೆನಿಸಿನ ಕಡೆ ಮಾತಲ್ಲಿ ನಲವತ್ತು ದಿನ ಅನ್ನೋದೇ ಹೆಸರಾಯ್ತು. ಕಾಯಿಲೆ ಇದ್ಯೋ ಇಲ್ವೋ ಗೊತ್ತಿಲ್ದೇ ಇರೋರನ್ನ ಕಾಯಿಸೋದು ಅಷ್ಟೇ, ಚಿಕಿತ್ಸೆ ಅಲ್ಲ.

ಕನ್ನಡದಲ್ಲಿ ಈಗಾಗ್ಲೇ ಓಡಾಡ್ತಿರೋ ಪದಗಳಲ್ಲಿ ದಿಗ್ಬಂಧನ ನಂಗೆ ಸರಿ ಬರಲ್ಲ, ಒಂದ್ಕಡೆ ಮಂತ್ರವಾದಿ ನೆನಪಾಗ್ತಾನೆ, ಇನ್ನೊಂದ್ಕಡೆ ಆರ್ಥಿಕ ದಿಗ್ಬಂಧನ, ಪಾಪ ಮೀನಿಗೆ ಅಷ್ಟೆಲ್ಲಾ ಯಾಕೆ. ಪ್ರತ್ಯೇಕವಾಸ ಪರ್ವಾಗಿಲ್ಲ, ವನವಾಸ ಅಜ್ಞಾತವಾಸದ ಸಾಲಲ್ಲಿ ಕೂರತ್ತೆ, ಆದ್ರೆ ಯಾಕೆ ಪ್ರತ್ಯೇಕ ಅನ್ನೋದನ್ನ ಅದು ಹೇಳಲ್ಲ. ನಂಗನ್ಸಿದ್ದು, ಹೊಸ ಮೀನಿಂದು "ನಿಗಾ ತೊಟ್ಟಿ", ಕಾಯಿಲೆ ಮೀನಿಂದು "ಆರೈಕೆ ತೊಟ್ಟಿ". ಆಸ್ಪತ್ರೇಲಿ ತೀವ್ರ ನಿಗಾ ಘಟಕ ಅಂತ ಬೋರ್ಡ್ ಇರೋದ್ರಿಂದ ನಿಗಾ ಅಂದ್ರೆ ಕಾಯಿಲೆಯವ್ರಿಗೆ ಅನ್ಸತ್ತಾ ಅನ್ನೋದೊಂದೇ ಅನುಮಾನ. ಕ್ರಿಯಾಪದ ಬೇಕಾದಾಗ ಸುಮ್ನೆ "ಬೇರೆ ಇಡಿ" ಅಂತ ಬರ್ದ್ರೆ ಆಯ್ತು.

ಇದ್ರ ಜೊತೆಗೆ ಇನ್ನೊಂದು ತೊಡಕು, "ಮೀನಿಗೆ ಔಷಧಿ ಹಾಕಿ" ಅನ್ನೋದು. ಬಿಳಿ ಚುಕ್ಕೆ ರೋಗದಲ್ಲಿ ಪರಾವಲಂಬಿ ಮೀನಿನ ಚರ್ಮದ ಅಡಿ ಇರೋ ತನಕ ಔಷಧಿ ಅದಕ್ಕೆ ತಟ್ಟಲ್ಲ, ಅದು ಉದುರಿ ತಳ ಸೇರಿ ಒಡೆದು ನೂರಾರು ಮರಿಯಾಗಿ ಈಜ್ತಾ ಬರತ್ತಲ್ಲ, ಆಗ ಮಾತ್ರ ಸಾಯತ್ತೆ. ಹಾಗಾಗಿ "ನೀರಿಗೆ ಹಾಕಿ" ಅಂತಲೇ ಬರೀಬೇಕು, ಒಂದು ಮೀನಲ್ಲಿ ಕಂಡ್ರೂ ಇಡೀ ಕೊಳಕ್ಕೇ ಹಾಕ್ಬೇಕು, ಆ ಮೀನೊಂದನ್ನೇ ಬೇರೆ ಇಟ್ರೆ ಸಾಲ್ದು. ಚುಕ್ಕೆ ಮಾಯ ಆದ್ರೆ "ವಾಸಿಯಾಯ್ತು" ಅಂತಾನೂ ಬರೀಬಾರ್ದು, ಅದು ಉದುರಿದೆ ಅಂತ ಅರ್ಥ ಅಷ್ಟೇ. ನೀರು 25 ಡಿಗ್ರಿ ಇದ್ರೆ ಈ ಸುತ್ತು ಒಂದು ವಾರದೊಳಗೆ ಮುಗಿಯತ್ತೆ, ಚಳಿ ನೀರಲ್ಲಿ ವಾರಗಟ್ಟಲೆ ಎಳೆಯತ್ತೆ, ಅಲ್ಲೀತನಕ ಔಷಧಿ ಮತ್ತೆ ಮತ್ತೆ.

ಈಗ ನಿಜವಾಗ್ಲೂ ನಿಮ್ಮ ಸಹಾಯ ಬೇಕಿರೋದು ಉಪ್ಪಿನ ವಿಷ್ಯದಲ್ಲಿ, ಉಪ್ಪುನೀರೂ ಮೀನಿಗೆ ಒಂದು ಚಿಕಿತ್ಸೆನೇ. ಇಂಗ್ಲಿಷಲ್ಲಿ ಡಿಪ್, ಬಾತ್ ಅಂತ ಎರಡಿದೆ. ಡಿಪ್ ಅಂದ್ರೆ ಲೀಟರಿಗೆ 20 ಗ್ರಾಂ ಥರ ಗಟ್ಟಿ ಉಪ್ಪುನೀರಲ್ಲಿ ಕೆಲವೇ ನಿಮಿಷ, ಕಣ್ಣು ಕದಲಿಸ್ದೆ ನೋಡ್ತಿದ್ದು ಮೀನು ವಾಲಿದ ಕೂಡ್ಲೇ ತೆಗೀಬೇಕು. ಬಾತ್ ಅಂದ್ರೆ ಲೀಟರಿಗೆ 3 ಗ್ರಾಂ, ದಿನಗಟ್ಟಲೆ. ಎರಡಕ್ಕೂ "ಉಪ್ಪುನೀರಿನ ಸ್ನಾನ" ಅಂತ ಬರ್ದು ಯಾರಾದ್ರೂ 20 ಗ್ರಾಂ ಹಾಕಿ ರಾತ್ರಿ ಮಲಗಿದ್ರೆ ಬೆಳಿಗ್ಗೆ ಮೀನು ಇರಲ್ಲ. ಡಿಪ್‌ಗೆ "ಅದ್ದಿ ತೆಗೆಯೋದು" ಅಂತ ಇಟ್ಕೊಂಡಿದೀನಿ, ತೆಗೆಯೋದು ಅನ್ನೋದು ಪದದೊಳಗೇ ಇದೆ ಅಂತ. ಬಾತ್‌ಗೆ "ನೆನೆಸೋದು" ಅಂದ್ರೆ ಬೇಳೆ ನೆನೆ ಹಾಕಿದಂಗೆ ಕೇಳ್ಸತ್ತೆ, "ಉಪ್ಪುನೀರಲ್ಲಿ ಬಿಟ್ಟಿರೋದು" ಉದ್ದ ಆಯ್ತು. ಇದಕ್ಕಿಂತ ಚೆನ್ನಾಗಿರೋದು ನಿಮ್ಮ ಕಡೆ ಮಾತಲ್ಲಿ ಏನಾದ್ರೂ ಇದ್ರೆ ಹೇಳಿ, ಜೊತೆಗೆ ಜಲೋದರದಲ್ಲಿ ಹೊಟ್ಟೆ ಊದಿ ಹುರುಪೆ ಎಲ್ಲಾ ಎದ್ದು ನಿಲ್ಲತ್ತಲ್ಲ, ಅದಕ್ಕೆ ನಿಗುರು ಅನ್ಬೋದಾ, ನಿಮಿರು ಅನ್ಬೇಕಾ ಅನ್ನೋದನ್ನೂ.