ಓಟಕ್ಕೆ ಮುಂಚೆ ಕಾಫಿ, ಕೆಫೀನ್ ಜೆಲ್: ಹೃದಯದ ಭಯ ಇರುವವರಿಗೆ ನಮ್ಮ ಗುಂಪಿನ ಅನುಭವ

ಸುರತ್ಕಲ್‌ನ ಅಣ್ಣನೊಬ್ಬರು ಸಲಹೆ ಕೇಳಿದ್ದಾರೆ. ವಯಸ್ಸು 44, ತೂಕ 70 ಕಿಲೋ. ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಮೊದಲ ಹಾಫ್ ಮ್ಯಾರಥಾನ್ (ಸುಮಾರು 21 ಕಿಲೋಮೀಟರ್) ಓಡಬೇಕೆಂದಿದ್ದಾರೆ. ಬೆಳಿಗ್ಗೆ ಒಂದು ಫಿಲ್ಟರ್ ಕಾಫಿ ಕುಡಿದೇ ಓಡುವ ಅಭ್ಯಾಸ. ಜೊತೆಗೆ ಓಡುವವರು "ಅದರ ಮೇಲೆ 200 ಮಿಲಿಗ್ರಾಂ ಕೆಫೀನ್ ಮಾತ್ರೆ ತಗೊಳ್ಳಿ, 12ನೇ ಕಿಲೋಮೀಟರ್‌ನಲ್ಲಿ ಕೆಫೀನ್ ಇರುವ ಜೆಲ್ ತಗೊಳ್ಳಿ, ಕಾಲು ತಾನಾಗಿ ಓಡ್ತದೆ" ಅಂದಿದ್ದಾರಂತೆ. (ಕೆಫೀನ್ ಅಂದರೆ ಕಾಫಿ, ಚಾದಲ್ಲಿರುವ ಚುರುಕು ತರುವ ವಸ್ತು; ಜೆಲ್ ಅಂದರೆ ಓಡುತ್ತಾ ಹೀರುವ ಸಿಹಿ ಪಾಕದ ಪೊಟ್ಟಣ.) ಓಡುತ್ತಾ ಕುಸಿದುಬಿದ್ದವರ ಸುದ್ದಿ ಓದಿ ಮನೆಯವರಿಗೆ ಹೆದರಿಕೆ. ಚಿಕ್ಕಪ್ಪ 49ರಲ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂದು ಕೊನೆಯ ಸಾಲಿನಲ್ಲಿ ಬರೆದು, "ಕಾಫಿ ಬಿಡಬೇಕಾ?" ಎಂದು ಕೇಳಿದ್ದಾರೆ.

ಅಣ್ಣ, ನಮ್ಮ ಜೊತೆ ಓಡುವ ಕೆಲವರನ್ನು ಕೇಳಿಕೊಂಡು ಬರೆಯುತ್ತಿದ್ದೇನೆ. ನೀವು ಕೊನೆಯಲ್ಲಿ ಬರೆದ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯ. ಕ್ರೀಡಾಪಟುಗಳ ಹೃದಯ ಪರೀಕ್ಷೆಗೆ ಮೊದಲು ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದು, ಮನೆತನದಲ್ಲಿ ಯಾರಾದರೂ 50ಕ್ಕೆ ಮುಂಚೆ ಹೃದಯದ ಕಾರಣಕ್ಕೆ ತೀರಿಕೊಂಡಿದ್ದಾರಾ ಎಂಬುದು. ನಿಮ್ಮ ಉತ್ತರ ಹೌದು. ಹಾಗಾಗಿ ಕಾಫಿಯ ವಿಷಯ ಆಮೇಲೆ ನೋಡೋಣ. ಮೊದಲು ಹೃದಯದ ವೈದ್ಯರ ಹತ್ತಿರ ಹೋಗಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ಇವುಗಳಲ್ಲಿ ಯಾವುದು ಬೇಕೆಂದು ಅವರೇ ಹೇಳಲಿ. ಚಿಕ್ಕಪ್ಪನ ವಿಷಯವನ್ನು ಅವರು ಕೇಳುವ ಮುಂಚೆ ನೀವೇ ಹೇಳಿ.

ಟ್ರೆಡ್‌ಮಿಲ್ ಪರೀಕ್ಷೆ ಸರಿ ಬಂದರೆ ಪೂರ್ತಿ ಖಾತರಿ ಅಂತಲೂ ಅಲ್ಲ. ರಕ್ತನಾಳದಲ್ಲಿರುವ ಸಣ್ಣ ಕೊಬ್ಬಿನ ಪದರ ಆ ಪರೀಕ್ಷೆಯಲ್ಲಿ ಕಾಣದೆಯೂ ಇರಬಹುದು, ಅದೇ ಒಡೆದು ತೊಂದರೆ ಆಗಲೂಬಹುದು. ವರದಿ ಕೈಯಲ್ಲಿದ್ದರೂ ದೇಹ ಕೊಡುವ ಸೂಚನೆಯನ್ನು ಬಿಡಬಾರದು ಅನ್ನೋದು ಇದಕ್ಕೇ.

ನಮ್ಮ ಗುಂಪಿನಲ್ಲಿ ಕದ್ರಿ ಕಡೆಯ ಒಬ್ಬರಿದ್ದಾರೆ. ಈಗ ಐವತ್ತರ ಆಸುಪಾಸು. ಕೆಲವು ವರ್ಷದ ಹಿಂದೆ ಅವರಿಗೆ ಕದ್ರಿಯ ಏರು ಹತ್ತುವಾಗ ಎದೆಯ ಮಧ್ಯೆ ಉರಿಯಾಗುತ್ತಿತ್ತು. ನಿಂತರೆ ಐದು ನಿಮಿಷದಲ್ಲಿ ಕಡಿಮೆ. ಮತ್ತೆ ಓಡಿದರೆ ಮತ್ತೆ ಶುರು. ನಮ್ಮೂರಲ್ಲಿ ಇದಕ್ಕೊಂದೇ ಹೆಸರು, ಗ್ಯಾಸ್ಟ್ರಿಕ್. ಅವರೂ ಹಾಗೇ ಅಂದುಕೊಂಡು ಖಾಲಿ ಹೊಟ್ಟೆಯ ಕಾಫಿ ಬಿಟ್ಟರು, ಗ್ಯಾಸಿನ ಮಾತ್ರೆ ತಗೊಂಡರು, ಗಂಜಿ ಉಂಡು ಮಲಗಿದರು. ಉರಿ ಹೋಗಲಿಲ್ಲ. ಗುಂಪಿನಲ್ಲಿರುವ ನರ್ಸ್ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ಕೂತಾಗ ಬರ್ತದಾ, ಓಡಿದಾಗ ಮಾತ್ರ ಬರ್ತದಾ?" ಓಡಿದಾಗ ಮಾತ್ರ ಅಂದ ಕೂಡಲೇ ಅವರನ್ನು ಆಸ್ಪತ್ರೆಗೆ ಕಳಿಸಿದರು. ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಸಿಕ್ಕಿತು, ಸ್ಟೆಂಟ್ ಹಾಕಿದರು. ಈಗ ವೈದ್ಯರು ಹೇಳಿದ ಹೃದಯ ಬಡಿತದ ಮಿತಿಯೊಳಗೆ ನಿಧಾನವಾಗಿ ಓಡುತ್ತಾರೆ. ಕಾಫಿಯೂ ಕುಡಿಯುತ್ತಾರೆ, ದಿನಕ್ಕೆ ಒಂದು. ಅವರು ನಿಮಗೆ ಹೇಳಲು ಹೇಳಿದ್ದು ಇಷ್ಟು: "ಶ್ರಮ ಪಟ್ಟಾಗ ಬಂದು, ನಿಂತಾಗ ಹೋಗುವ ಉರಿ, ಬಿಗಿತ, ದವಡೆ ನೋವು, ಎಡಗೈ ನೋವು ಯಾವುದನ್ನೂ ಗ್ಯಾಸ್ಟ್ರಿಕ್ ಅನ್ನಬೇಡಿ ಮಾರಾಯ್ರೆ. ಪರೀಕ್ಷೆ ಆದ ಮೇಲೆ ಗ್ಯಾಸ್ಟ್ರಿಕ್ ಅಂತ ಗೊತ್ತಾದ್ರೆ ಸಂತೋಷ."

ಓಡುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದರೆ ಅದೂ ಅಷ್ಟೇ ಗಂಭೀರ. ಓಟ ಮುಗಿಸಿ ನಿಂತ ಮೇಲೆ ತಲೆ ತಿರುಗುವುದು ಬೇರೆ, ಅದು ಎಷ್ಟೋ ಜನರಿಗೆ ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾಮೂಲಿ ಕಾಫಿಯನ್ನು ಖಳನಾಯಕ ಮಾಡಬೇಕಿಲ್ಲ. 2023ರಲ್ಲಿ ಅಮೆರಿಕದಲ್ಲಿ 100 ಮಂದಿಗೆ ಎದೆಯ ಮೇಲೆ ಇಸಿಜಿ ಯಂತ್ರ ಅಂಟಿಸಿ, ಕಾಫಿ ಕುಡಿದ ದಿನವನ್ನೂ ಕುಡಿಯದ ದಿನವನ್ನೂ ಹೋಲಿಸಿ ನೋಡಿದರು. ಹೃದಯದ ಮೇಲಿನ ಕೋಣೆಗಳಿಂದ ಬರುವ ತಪ್ಪು ಬಡಿತ ಕಾಫಿಯಿಂದ ಗಮನಿಸುವಷ್ಟು ಹೆಚ್ಚಲಿಲ್ಲ. ಕೆಳಗಿನ ಕೋಣೆಗಳಿಂದ ಬರುವ ತಪ್ಪು ಬಡಿತ ಸುಮಾರು ಒಂದೂವರೆ ಪಟ್ಟಾಯಿತು. ನಿದ್ದೆ ಮಾತ್ರ ಸುಮಾರು 36 ನಿಮಿಷ ಕಡಿಮೆಯಾಯಿತು. ಆರೋಗ್ಯವಂತರಿಗೆ ದಿನದ ಒಂದೆರಡು ಕಾಫಿಯಿಂದ ಭಯ ಬೇಡ ಅನ್ನೋದು ನನ್ನ ನಿಲುವು. ಆದರೆ ಜೋರಾಗಿ ಓಡುವ ಹೊತ್ತಿನಲ್ಲಿ ಲೆಕ್ಕ ಬೇರೆ ಆಗುತ್ತದೆ.

ನಮ್ಮ ದೇಹದಲ್ಲಿ ಅಡಿನೋಸಿನ್ ಎಂಬ ವಸ್ತು ಇದೆ. ದಣಿವು ಗೊತ್ತಾಗುವುದರಲ್ಲಿ ಅದಕ್ಕೆ ಪಾತ್ರ ಇದೆ, ಹೃದಯದ ರಕ್ತನಾಳ ಹಿಗ್ಗಿಸುವುದರಲ್ಲೂ ಇದೆ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಅದಕ್ಕೇ ಕಾಫಿ ಕುಡಿದರೆ ಓಟ ಸಲೀಸು ಅನ್ನಿಸುತ್ತದೆ. 2006ರಲ್ಲಿ ಜ್ಯೂರಿಕ್‌ನಲ್ಲಿ ಆರೋಗ್ಯವಂತರಿಗೆ 200 ಮಿಲಿಗ್ರಾಂ ಕೆಫೀನ್ ಕೊಟ್ಟು ಸೈಕಲ್ ತುಳಿಸಿದರು. ಶ್ರಮದ ವೇಳೆ ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಿಸಿಕೊಳ್ಳುವ ಶಕ್ತಿ ಸುಮಾರು 22% ತಗ್ಗಿತ್ತು. ನಾಳ ಚೆನ್ನಾಗಿದ್ದವರು ಅದನ್ನು ತಡೆದುಕೊಳ್ಳುತ್ತಾರೆ. ಗೊತ್ತಿಲ್ಲದೆ ಬ್ಲಾಕ್ ಇಟ್ಟುಕೊಂಡವರು ತಡೆದುಕೊಳ್ಳುತ್ತಾರಾ ಅನ್ನೋದೇ ನನ್ನ ಚಿಂತೆ. ಹೃದಯದ ಒಂದು ಬಗೆಯ ಸ್ಕ್ಯಾನ್‌ಗೆ ಅಡಿನೋಸಿನ್ ಔಷಧಿಯನ್ನೇ ಕೊಡುತ್ತಾರೆ. ಅದಕ್ಕೆ ಹೋಗುವವರಿಗೆ ಹಿಂದಿನ ದಿನವೇ ಚಾ, ಕಾಫಿ ಬೇಡ ಎಂದು ಹೇಳಿ ಕಳಿಸುವುದೂ ಇದೇ ಕಾರಣಕ್ಕೆ.

ದೊಡ್ಡ ಭಯವನ್ನೂ ಅಳತೆಯಲ್ಲಿ ಇಡೋಣ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಹಾಫ್ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಜನರ ಲೆಕ್ಕ ತೆಗೆದಾಗ, ಹೃದಯ ನಿಂತದ್ದು 59 ಮಂದಿಗೆ. ತೀರಿಕೊಂಡವರು 42. ಹಾಫ್‌ನಲ್ಲಿ ಅಪಾಯ ಮ್ಯಾರಥಾನ್‌ಗಿಂತ ಬಹಳ ಕಡಿಮೆ. ಹೆಚ್ಚಿನವರು ಗಂಡಸರು. ಕಾರಣ ಗೊತ್ತಾದವರಲ್ಲಿ ಮುಖ್ಯವಾಗಿ ಕಂಡದ್ದು ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಮತ್ತು ರಕ್ತನಾಳದ ಬ್ಲಾಕ್, ಅಂದರೆ ಮೊದಲೇ ಇದ್ದ ಕಾಯಿಲೆ. ಬಹಳಷ್ಟು ಮಂದಿ ಕುಸಿದದ್ದು ಓಟದ ಕೊನೆಯ ಕಾಲು ಭಾಗದಲ್ಲಿ. ಬೆವರು ಹರಿದು, ಮುಕ್ತಾಯದ ಗೆರೆ ಕಾಣುವಾಗ ಎಲ್ಲರೂ ಇದ್ದ ಶಕ್ತಿಯೆಲ್ಲ ಹಾಕಿ ಓಡುವ ಜಾಗ ಅದು. ದಣಿವು ಗೊತ್ತಾಗದಂತೆ ಮಾಡುವ ಕೆಫೀನ್ ಅಲ್ಲೇ ಮೈತುಂಬ ಇರಬೇಕಾ, ಯೋಚಿಸಿ.

ಇನ್ನು ನಿಮ್ಮ ಕೈಗೆ ಕೊಟ್ಟ ಯೋಜನೆಯನ್ನು ಕೂಡಿಸೋಣ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ನೂರು ಅಂತಿಟ್ಟುಕೊಳ್ಳಿ. ಮಾತ್ರೆ ಇನ್ನೂರು. ಜೆಲ್‌ಗಳಲ್ಲಿ 25ರಿಂದ 100ರವರೆಗೂ ಇರುತ್ತದೆ, 75 ಅಂದರೆ ಒಟ್ಟು 375. ದಿನಕ್ಕೆ 300 ಮೀರಬೇಡಿ ಅನ್ನುವುದು ಅದೇ ಐಸಿಎಂಆರ್. ನೀವು ಅದನ್ನು ಮೂರು ಗಂಟೆಯೊಳಗೆ ದಾಟುತ್ತೀರಿ. ಮ್ಯಾರಥಾನ್‌ಗಳ ವೈದ್ಯಕೀಯ ನಿರ್ದೇಶಕರ ಅಂತಾರಾಷ್ಟ್ರೀಯ ಸಂಘ ಓಟಕ್ಕೆ ಮುಂಚೆ 200 ಮಿಲಿಗ್ರಾಂಗಿಂತ ಜಾಸ್ತಿ ಬೇಡ ಎಂದಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಒಂದು ಸಲಕ್ಕೆ ಹೇಳಿದ್ದೂ 200ನ್ನೇ, ಅದೂ ಆರೋಗ್ಯವಂತರಿಗೆ. ವೇಗಕ್ಕೆ ಲಾಭ ಸಿಗುವುದು ಕಿಲೋ ತೂಕಕ್ಕೆ 3ರಿಂದ 6 ಮಿಲಿಗ್ರಾಂನಲ್ಲಿ ಎಂದು ಕ್ರೀಡಾ ವಿಜ್ಞಾನಿಗಳು ಹೇಳುತ್ತಾರೆ, ನಿಮ್ಮ ತೂಕಕ್ಕೆ ಅದು 210ರಿಂದ 420. ಆ ಮೇಲಿನ ತುದಿ ಸಂಬಳಕ್ಕೆ ಓಡುವವರಿಗೆ ಇರಲಿ. ಮೊದಲ ಹಾಫ್ ಓಡುವ ಮನೆಯ ಯಜಮಾನನಿಗೆ ಅದರಿಂದ ಸಿಗುವುದು ಏನೂ ಇಲ್ಲ.

ಮಾತ್ರೆ ಬಿಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತೇವೆ, ಸಾಕು ಅನ್ನಿಸಿದರೆ ಲೋಟ ಇಡಬಹುದು. ಮಾತ್ರೆ ನುಂಗಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಜಿಮ್‌ನವರು ಕೊಡುವ ಪ್ರಿ-ವರ್ಕೌಟ್ ಪುಡಿಯೂ ಬೇಡ, ಕೆಲವುಗಳಲ್ಲಿ ಒಂದೇ ಚಮಚಕ್ಕೆ 200 ದಾಟುತ್ತದೆ. ತಲೆನೋವಿನ, ಶೀತದ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಪಟ್ಟಿಯ ಹಿಂದೆ ಓದಿ ನೋಡಿ. ಮತ್ತೆ, ಜ್ವರ ಇದ್ದಾಗ ಓಡಲೇಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಜ್ವರ ಬಿಟ್ಟ ಮರುದಿನವೇ ಶೂ ಹಾಕುವವರು ಜಾಸ್ತಿ. ವೈರಸ್ ಹೃದಯದ ಸ್ನಾಯುವಿಗೆ ತಗುಲಿದ್ದರೆ ಆ ಓಟ ಅಪಾಯ.

ಉಡುಪಿಯ ಬ್ಯಾಂಕ್ ಉದ್ಯೋಗಿ ಅಕ್ಕ ಒಬ್ಬರ ಅನುಭವವೂ ಕೇಳಿ. ಅಭ್ಯಾಸದಲ್ಲಿ ಒಮ್ಮೆಯೂ ತಗೊಳ್ಳದ ಕೆಫೀನ್ ಜೆಲ್ಲನ್ನು ಮಣಿಪಾಲದ ಓಟದ ದಿನ ಯಾರೋ ಕೊಟ್ಟರು ಎಂದು ತಗೊಂಡರು. ಏರಿನಲ್ಲಿ ಎದೆ ಡಬಡಬ, ಕೈ ನಡುಕ, ವಾಂತಿ ಬಂದ ಹಾಗೆ. ಅವರು ಓಟ ನಿಲ್ಲಿಸಿ ವೈದ್ಯರ ಟೆಂಟ್‌ಗೆ ನಡೆದುಹೋದರು. ಇಸಿಜಿ ಸರಿಯಿತ್ತು. ಪದಕ ಬಿಟ್ಟು ಟೆಂಟ್‌ಗೆ ಹೋದದ್ದನ್ನು ನಾವೆಲ್ಲ ಇವತ್ತಿಗೂ ಮೆಚ್ಚುತ್ತೇವೆ. ಈಗ ಅವರು ಓಟಕ್ಕೆ ಒಂದು ಗಂಟೆ ಮುಂಚೆ ಅರ್ಧ ಲೋಟ ಕಾಫಿ, ದಾರಿಯಲ್ಲಿ ಕೆಫೀನ್ ಇಲ್ಲದ ಜೆಲ್, ಅಷ್ಟೇ. ಕೆಫೀನ್ ರಕ್ತದಲ್ಲಿ ತುದಿಗೆ ಏರಲು ಅರ್ಧದಿಂದ ಒಂದು ಗಂಟೆ ಸಾಕು. ಇಳಿಯುವುದು ನಿಧಾನ. ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಲ್ಲಿ ಇನ್ನೂ ಹೊತ್ತು ಹಿಡಿಯುತ್ತದೆ. ಹಾಗಾಗಿ ಓಟದ ಹಿಂದಿನ ಸಂಜೆ ಕಾಫಿ ಬೇಡ. ಕುಡಿಯಲೇಬೇಕು ಅನ್ನಿಸಿದರೆ ಮನೆಯಲ್ಲಿ ಕೊತ್ತಂಬರಿ ಜೀರಿಗೆ ಕಷಾಯ ಉಂಟಲ್ಲ, ಅದರಲ್ಲಿ ಕೆಫೀನ್ ಇಲ್ಲ.

ನಮ್ಮ ಕರಾವಳಿಯ ಸೆಕೆಯನ್ನು ಮರೆಯಬೇಡಿ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ಹೃದಯ ಜಾಸ್ತಿ ಬಡಿಯಬೇಕಾಗುತ್ತದೆ. ತಣ್ಣೀರುಬಾವಿ ರಸ್ತೆಯಲ್ಲಿ ಏಳು ಗಂಟೆಯ ಮೇಲೆ ಓಡಿದವರಿಗೆ ಇದು ಗೊತ್ತು. ಬೆಂಗಳೂರಿನವರ ವೇಗದ ಪಟ್ಟಿ ನೋಡಿ ಇಲ್ಲಿ ಓಡಬೇಡಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಇಸಿಜಿ ಮಾಡಿಸಿದರು. ಆ ಹೆದರಿಕೆ ಕೆಲವು ತಿಂಗಳಲ್ಲಿ ಇಳಿದುಹೋಯಿತು, ಅದು ನನಗೆ ಬೇಸರ. ಇಸಿಜಿಗೆ ದೊಡ್ಡ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಅವರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಸೇವೆಯ ಮೂಲಕ ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ಇಸಿಜಿ ಯಂತ್ರ ಹೋಗಿದೆ, ವಾಟ್ಸಾಪ್‌ನಲ್ಲಿ ತಜ್ಞರು ನೋಡಿ ಹೇಳುತ್ತಾರೆ.

ನಿಮ್ಮ ಜೊತೆ ಓಡುವವರಿಗೆ ಜೆಲ್ ಹಂಚುವ ಬದಲು ಸಿಪಿಆರ್ ಕಲಿಯಲು ಹೇಳಿ. ಯಾರಾದರೂ ಕುಸಿದು, ಕೂಗಿದರೂ ಏಳದೆ, ಉಸಿರು ಸರಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಬೇಕು. ಅಮೆರಿಕದ ಓಟಗಳಲ್ಲಿ 2010ರಿಂದ 2023ರ ಲೆಕ್ಕ ತೆಗೆದಾಗ ಹೃದಯ ನಿಲ್ಲುವ ಪ್ರಮಾಣ ಹೆಚ್ಚುಕಮ್ಮಿ ಹಾಗೇ ಇತ್ತು, ಸಾವು ಮಾತ್ರ ಅರ್ಧಕ್ಕೆ ಇಳಿದಿತ್ತು. ಪಕ್ಕದವರು ಕೂಡಲೇ ಎದೆ ಒತ್ತಿದ್ದು, ಶಾಕ್ ಕೊಡುವ ಯಂತ್ರ ಹತ್ತಿರ ಇದ್ದದ್ದು ಅದಕ್ಕೆ ಮುಖ್ಯ ಕಾರಣ.

ಕಾಫಿ ಬಿಡಬೇಕಾ ಎಂಬುದಕ್ಕೆ ಕೊನೆಯ ಮಾತು ನಿಮ್ಮನ್ನು ಪರೀಕ್ಷೆ ಮಾಡಿದ ವೈದ್ಯರದ್ದು. ಹೋಗುವಾಗ ಆ ಮಾತ್ರೆಯ ಡಬ್ಬಿ, ಜೆಲ್‌ನ ಪೊಟ್ಟಣ ಎರಡನ್ನೂ ತಗೊಂಡು ಹೋಗಿ ತೋರಿಸಿ. ಅತ್ತಿಗೆಯನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.