ಸಹಾಯ ಬೇಕು: ಆಂಟಿವೈರಸ್‌ನ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಆಫ್ ಮಾಡಬಹುದಾ?

ಶಿರಸಿ ಹತ್ತಿರದ ಹಳ್ಳಿ ನಮ್ಮದು. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಮಳೆಗಾಲದಲ್ಲಿ ನೆಟ್ ಮೊದಲೇ ಅಷ್ಟಕ್ಕಷ್ಟೆ. ಅದರ ಮೇಲೆ ಆಂಟಿವೈರಸ್‌ನ ವೆಬ್ ಶೀಲ್ಡ್ (ತೆರೆಯುವ ಪೇಜುಗಳನ್ನು ಪರೀಕ್ಷಿಸುವ ಭಾಗ) ಬೇರೆ. ಅಡಿಕೆ ರೇಟಿನ ಪೇಜ್ ತೆರೆಯುವಷ್ಟರಲ್ಲಿ ಒಂದು ಲೋಟ ಕಷಾಯ ಕುಡಿದು ಮುಗಿದಿರುತ್ತದೆ!

ಕ್ಯಾಶ್ ಖಾಲಿ ಮಾಡಿದೆ, ಎಕ್ಸ್‌ಟೆನ್ಶನ್ ಎಲ್ಲಾ ತೆಗೆದೆ. ಏನೂ ಬದಲಾಗಲಿಲ್ಲ. ಆ ಶೀಲ್ಡ್‌ನಲ್ಲಿರುವ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ (ಗೂಢಲಿಪಿಯಲ್ಲಿ ಬರುವ ಪೇಜುಗಳನ್ನೂ ಬಿಡಿಸಿ ನೋಡುವುದು) ಒಂದನ್ನೇ ಆಫ್ ಮಾಡಿದರೆ ಮಾತ್ರ ಪೇಜ್ ಸರ್ರನೆ ಬರುತ್ತದೆ. ಆದರೆ ಈಗ ಮೋಸದ ಸೈಟುಗಳೂ ಎಚ್‌ಟಿಟಿಪಿಎಸ್‌ನಲ್ಲೇ ಇರುತ್ತವೆ ಅಲ್ವಾ? ಹೋದ ವಾರ ಅಪ್ಪ ‘ಕೆವೈಸಿ ಅಪ್‌ಡೇಟ್ ಮಾಡಿ’ ಅನ್ನೋ ಲಿಂಕ್ ಒತ್ತಿದಾಗ ಕೆಂಪು ಪರದೆ ತೋರಿಸಿ ತಡೆದದ್ದು ಇದೇ ಶೀಲ್ಡ್. ಹಾಗಾಗಿ ಧೈರ್ಯ ಸಾಲುತ್ತಿಲ್ಲ.

ಸ್ಕ್ಯಾನಿಂಗ್ ಆಫ್ ಮಾಡಿ, ಕ್ರೋಮ್‌ನ ಸೇಫ್ ಬ್ರೌಸಿಂಗನ್ನು (ಮೋಸದ ಸೈಟಿನ ಬಗ್ಗೆ ಎಚ್ಚರಿಸುವ ಸೌಲಭ್ಯ) ಎನ್‌ಹ್ಯಾನ್ಸ್ಡ್‌ಗೆ ಇಟ್ಟು, ಡಿಎನ್‌ಎಸ್ (ಸೈಟಿನ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ಮೋಸದ ಸೈಟುಗಳನ್ನು ತಡೆಯುವ 9.9.9.9 ಹಾಕಿದರೆ ಫಿಶಿಂಗ್ (ನಕಲಿ ಸೈಟಿನ ಮೋಸ) ತಡೆಯಲು ಸಾಕಾ? ಅಥವಾ ಶೀಲ್ಡ್ ಇಟ್ಟುಕೊಳ್ಳಲೇಬೇಕಾ?