ಪಿಕಪ್ ಮೈಲೇಜ್ 14ರಿಂದ 10ಕ್ಕೆ ಇಳಿದಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನದು ಡೀಸೆಲ್ ಪಿಕಪ್, 2019ರ ಗಾಡಿ, 1 ಲಕ್ಷ 40 ಸಾವಿರ ಕಿ.ಮೀ. ಓಡಿದೆ. ಕೋಲಾರದಿಂದ ಬೆಂಗಳೂರಿಗೆ ಟೊಮೆಟೊ ಲೋಡ್ ಹೊಡೆಯುತ್ತೇನೆ. ಮೊದಲು ಲೀಟರಿಗೆ 14 ಕೊಡುತ್ತಿತ್ತು. ಎರಡು ತಿಂಗಳಿಂದ 10 ದಾಟುತ್ತಿಲ್ಲ. ಸುಮ್ನೆ ಅಂದಾಜಲ್ಲ, ಮೂರು ಸಲ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದ್ದೇನೆ. ದಾರಿ ಅದೇ, ಲೋಡೂ ಅದೇ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಯಿಲ್ ಎಲ್ಲಾ ಬದಲಾಯಿಸಿದೆ. ಟೈರ್ ಗಾಳಿ ವಾರಕ್ಕೊಮ್ಮೆ ನೋಡುತ್ತೇನೆ. ಬಂಕ್ ಕೂಡ ಬದಲಿಸಿ ನೋಡಿದೆ. ಡೀಸೆಲ್ ಎಲ್ಲೂ ಸೋರುತ್ತಿಲ್ಲ.

ಒಬ್ಬ ಮೆಕ್ಯಾನಿಕ್ ಇಂಜೆಕ್ಟರ್ (ಇಂಜಿನ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಹೋಗಿದೆ ಅಂದರು. ಆದರೆ ಕಪ್ಪು ಹೊಗೆ ಇಲ್ಲ, ಗಾಡಿ ಎಳೆಯುವ ಶಕ್ತಿಯೂ ಕಮ್ಮಿಯಾಗಿಲ್ಲ. ಇನ್ನೊಬ್ಬರು ಕ್ಲಚ್ ಜಾರುತ್ತಿದೆ ಅಂದರು. ನಾನು ಗಮನಿಸಿದ್ದು ಬೇರೆಯೇ: ಗಾಡಿ ನಿಲ್ಲಿಸಿದಾಗ ಹಿಂದಿನ ಎಡಗಡೆ ಚಕ್ರದ ಬ್ರೇಕ್ ಡ್ರಮ್ ಕೈ ಇಡಲಾಗದಷ್ಟು ಬಿಸಿ. ಬಲಗಡೆಯದು ಅಷ್ಟಿಲ್ಲ. ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆಯಾ ಅಂತ ಅನುಮಾನ. ಹೇಳಿದರೆ ಇಬ್ಬರೂ ನಕ್ಕರು!

ಒಂದೇ ಚಕ್ರದ ಬ್ರೇಕ್ ಹಿಡಿದರೆ 4 ಕಿ.ಮೀ. ಮೈಲೇಜ್ ಬೀಳುತ್ತದೆಯೇ? ಇಂಜೆಕ್ಟರ್ ಬಿಚ್ಚಿಸುವ ಮುಂಚೆ ಬ್ರೇಕ್, ಕ್ಲಚ್ ಎರಡನ್ನೂ ನಾನೇ ಪರೀಕ್ಷೆ ಮಾಡುವುದು ಹೇಗೆ?